ಬುರ್ಹಾನನ ಬೋಣಿ

ಬುಧವಾರ ಬಂದರೆ ನಮ್ಮ ಹೋಮ್ಸ್ ಊರಿನವರಿಗೆ ಹುಚ್ಚು ಕೆರಳುತ್ತದೆ ಎಂದು ದೇಶವೆಲ್ಲ ನಗುತ್ತದೆ. ಹಮಾದವರು ನಗುತ್ತಾರೆ, ದಮಾಸ್ಕಸ್‌ನವರು ನಗುತ್ತಾರೆ, ಅಲೆಪ್ಪೊದವರಂತೂ ನಮ್ಮನ್ನು ನೋಡಿ ನಗುವುದಕ್ಕೆಂದೇ ಹುಟ್ಟಿದವರು. ನಾವೂ ನಗುತ್ತೇವೆ. ನಮ್ಮ ಮೇಲಿರುವ ನಗೆಮಾತುಗಳಲ್ಲಿ ಅರ್ಧಕ್ಕರ್ಧ ನಾವೇ ಕಟ್ಟಿ ಹೊರಗೆ ಕಳಿಸಿದ ಸರಕು. ಈ ಕಥೆಯೂ ಒಂದು ಬುಧವಾರದ್ದೇ. ಯಾರಾದರೂ ಮೈಕ್ರೊ ಬಸ್ಸಿನಲ್ಲಿ ಕುಳಿತು ಇದನ್ನು ನಿಮಗೆ ತಮಾಷೆಯಾಗಿ ಹೇಳಿರಲೂಬಹುದು. ಆದರೆ ಅವರಿಗೆ ಗೊತ್ತಿರುವುದು ಅರ್ಧ ಮಾತ್ರ.

ನನ್ನದು ಹಳೆಪೇಟೆಯ ಒಳಬೀದಿಯಲ್ಲಿ ಗುಂಡಿ-ದಾರದ ಅಂಗಡಿ. ಅಬೂ ಗಸ್ಸಾನ್ ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ, ತೋರಿಸುವುದಕ್ಕೆ ಅಲ್ಲಿ ಯಾರಾದರೂ ಇದ್ದರೆ. ಒಂದು ಕಾಲದಲ್ಲಿ ಆ ಬೀದಿಯಲ್ಲಿ ಹೆಗಲಿಗೆ ಹೆಗಲು ತಾಕದೆ ನಡೆಯುವಂತಿರಲಿಲ್ಲ. ಎರಡೂ ಬದಿಗೆ ಕರಿಕಲ್ಲಿನ ಗೋಡೆ, ಮೇಲೆ ತಗಡಿನ ಸೂರು. ಸೂರಿನ ತುಕ್ಕುತೂತುಗಳಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಇಳಿದು ಹೆಂಗಸರ ಬುರ್ಖಾದ ಮೇಲೆ, ಹೊರೆ ಹೊತ್ತ ಕತ್ತೆಗಳ ಬೆನ್ನ ಮೇಲೆ ಹರಿದಾಡುತ್ತಿತ್ತು. ಇನ್ನು ಹಲ್ವದ ಗುರುವಾರದ ಮಾತನ್ನಂತೂ ಕೇಳಲೇಬೇಡಿ. ವಸಂತದ ಆ ಒಂದು ಗುರುವಾರ ಊರಿಗೆ ಊರೇ ಸತ್ತವರ ಗೋರಿಗೆ ಹೋಗಿ ಬಂದು, ಇದ್ದವರಿಗೆ ಹಲ್ವ ಕೊಳ್ಳಲು ನಮ್ಮ ಬೀದಿಗೇ ಇಳಿಯುತ್ತಿತ್ತು. ಹಪ್ಪಳದಂಥ ತೆಳು ರೊಟ್ಟಿಯನ್ನು ಮುರಿದು, ಸಕ್ಕರೆಪಾಕದಲ್ಲಿ ಹೊರಳಿಸಿ, ಬಿಳಿ ಮತ್ತು ಗುಲಾಬಿ ಬಣ್ಣದಲ್ಲಿ ಆಳೆತ್ತರದ ಗೋಪುರ ಕಟ್ಟಿ ನಿಲ್ಲಿಸುತ್ತಿದ್ದರು. ರೊಟ್ಟಿಹಲ್ವ ಅಂದರೆ ಅದು. ತಿಂದರೆ ಕರಕರ ಎನ್ನುತ್ತಿತ್ತು. ಆ ದಿನ ಸಂಜೆ ಊರಿಡೀ ಕರಕರ ಎನ್ನುತ್ತಿತ್ತು. ಮಸೀದಿಗೆ ಹೋಗುವವರ ಬಾಯಲ್ಲೂ ಅದೇ, ಇಗರ್ಜಿಗೆ ಹೋಗುವವರ ಬಾಯಲ್ಲೂ ಅದೇ.

ಯುದ್ಧ ಬಂತು, ಹೋಯಿತು. ಆಮೇಲೆ ಹೊರದೇಶದ ಯಾವುದೋ ಸಂಸ್ಥೆಯವರು ಬಂದು ಬೀದಿಯನ್ನು ರಿಪೇರಿ ಮಾಡಿದರು. ಹೊಸ ತಗಡು ಹಾಕಿದರು, ಸೋಲಾರ್ ದೀಪ ತೂಗಿಸಿದರು, ಎಲ್ಲ ಷಟರ್‌ಗಳಿಗೂ ಒಂದೇ ಕಂದು ಬಣ್ಣ ಬಳಿದರು. ಉದ್ಘಾಟನೆಗೆ ಬಂದ ಸಾಹೇಬರು ರಿಬ್ಬನ್ ಕತ್ತರಿಸಿ, ಪೇಟೆಗೆ ಮತ್ತೆ ಜೀವ ಬಂತು ಎಂದು ಭಾಷಣ ಮಾಡಿದರು. ರಿಬ್ಬನ್ ನನ್ನ ಅಂಗಡಿಯದೇ. ಆಮೇಲೆ ಅದರ ಎರಡೂ ತುಂಡುಗಳನ್ನು ನನಗೇ ವಾಪಸ್ ಕೊಟ್ಟು ಹೋದರು.

ಷಟರ್‌ಗೆ ಬಣ್ಣ ಬಳಿಯಬಹುದು, ಅದನ್ನು ಎತ್ತುವ ಕೈಯನ್ನು ಎಲ್ಲಿಂದ ತರುವುದು? ಆ ಕೆಟ್ಟ ವರ್ಷಗಳಲ್ಲಿ ಪೇಟೆ ಮೇಲಿನ ಬಡಾವಣೆಗಳಿಗೆ ವಲಸೆ ಹೋಗಿತ್ತು. ಚಿನ್ನದವರು ಅಲ್ಲಿ, ಬಟ್ಟೆಯವರು ಅಲ್ಲಿ, ಕೊನೆಗೆ ಉಪ್ಪಿನಕಾಯಿ ಮಾರುವವನೂ ಅಲ್ಲಿ. ಮೈಕ್ರೊ ಬಸ್ಸುಗಳು ನಮ್ಮ ಬೀದಿಯ ಬಾಯಿಗೆ ಬರುವುದನ್ನೇ ಬಿಟ್ಟವು. ಜನರ ಕಾಲಿಗೂ ಒಂದು ರೂಢಿ ಇರುತ್ತದಲ್ಲ, ಅಷ್ಟು ವರ್ಷ ಆ ಕಡೆ ನಡೆದ ಕಾಲು ಈ ಕಡೆ ತಿರುಗಲು ಒಪ್ಪಲಿಲ್ಲ. ಇಡೀ ಬೀದಿಯಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಅಂಗಡಿ ತೆರೆದಿದ್ದವು. ನಾನು ಬೆಳಗಿನಿಂದ ಸಂಜೆಯವರೆಗೆ ಮಾತೆ ಎಂಬ ಸೊಪ್ಪಿನ ಕಷಾಯ ಕುಡಿಯುತ್ತ, ಅದರ ಕೊಳವೆ ಕಚ್ಚುತ್ತ, ಎದುರಿನ ಕಂದು ಷಟರ್ ನೋಡುತ್ತ ಕೂರುತ್ತಿದ್ದೆ.

ಬೀದಿ ಉಳಿಯಬೇಕಾದರೆ ಒಂದೇ ದಾರಿ ಎಂದು ನನಗೆ ತೋಚಿತ್ತು. ಆ ದಾರಿಯ ಹೆಸರು ಹಾಜಿ ನಸೂಹ್. ರೊಟ್ಟಿಹಲ್ವದ ಗೋಪುರವನ್ನು ಕುಸಿಯದಂತೆ ಕಟ್ಟುವ ಹಳೆಯ ಕೈಗಳಲ್ಲಿ ಊರಲ್ಲಿ ಉಳಿದಿದ್ದುದು ಅವರದೊಂದೇ. ಯುದ್ಧದ ನಂತರ ಅವರೂ ಮೇಲಿನ ಬಡಾವಣೆಯಲ್ಲಿ ಒಂದು ಕಾರ್ ಷೆಡ್ಡಿನಲ್ಲಿ ಒಲೆ ಹೂಡಿದ್ದರು. ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ನಾನು ಹೋಗಿ ಅವರ ಬೆನ್ನು ಬಿದ್ದೆ. ನೀವು ಬಂದು ಒಲೆ ಹಚ್ಚಿ, ಹಲ್ವದ ಗುರುವಾರಕ್ಕೆ ಜನ ತಾವಾಗಿ ಬರುತ್ತಾರೆ, ಇದು ನನ್ನ ಮಾತು ಎಂದೆ. ಅವರ ಅಳಿಯ ಲುವೈ ಅಲ್ಲೇ ನಿಂತಿದ್ದ. ಒಳ್ಳೆಯ ಹುಡುಗ, ಲೆಕ್ಕಾಚಾರದವನು. ಅವನು ಮಾವನಿಗಾಗಿ ದೊಡ್ಡ ರಸ್ತೆಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ನೋಡಿಟ್ಟಿದ್ದ. ಕೊನೆಗೆ ಒಂದು ಒಪ್ಪಂದವಾಯಿತು. ಹಲ್ವದ ಗುರುವಾರದವರೆಗೆ ಹಾಜಿ ನಮ್ಮ ಬೀದಿಯಲ್ಲಿ ತಮ್ಮ ಹಳೆಯ ಅಂಗಡಿ ತೆರೆಯುವುದು. ಜನ ಬಂದರೆ ಸರಿ. ಬಾರದಿದ್ದರೆ ಆ ಸಂಜೆ ಲುವೈ ಪಿಕಪ್ ತಂದು ಅವರ ತಾಮ್ರದ ಕೊಪ್ಪರಿಗೆಯನ್ನು ಹೇರಿಕೊಂಡು ಹೋಗುವುದು, ಮತ್ತೆ ಈ ಕಡೆಯ ಮಾತೆತ್ತುವುದಿಲ್ಲ. ಕೊಪ್ಪರಿಗೆ ಹೋದರೆ ಬೀದಿಯ ಕೊನೆಯ ಸಿಹಿ ಹೋಯಿತು. ಆಮೇಲೆ ನಾನು ಗುಂಡಿಗಳನ್ನು ಯಾರ ಅಂಗಿಗೆ ಮಾರಲಿ?

ಆ ಗುರುವಾರಕ್ಕೆ ಮೊದಲಿನ ಸೋಮವಾರ ಹಾಜಿ ಬಿಸ್ಮಿಲ್ಲಾ ಹೇಳಿ ಒಲೆ ಹಚ್ಚಿದರು. ಪಾಕದ ವಾಸನೆ ಸೂರಿನವರೆಗೆ ಏರಿ, ಅಲ್ಲಿಂದ ತಿರುಗಿ ನನ್ನ ಅಂಗಡಿಗೆ ಬಂದಾಗ ನಾನು ದಾರದ ಉಂಡೆಯನ್ನು ಕೈಯಲ್ಲಿ ಹಿಡಿದವನು ಹಿಡಿದಂತೆಯೇ ನಿಂತೆ. ಮೊದಲು ಒಬ್ಬ ಮುದುಕಿ ಬಂದಳು. ಹಾಜಿ ಅವಳು ಕೊಟ್ಟ ನೋಟಿಗೆ ಮುತ್ತಿಟ್ಟು ಹಣೆಗೊತ್ತಿಕೊಂಡರು. ಬೋಣಿ ಆಯಿತು. ಆಮೇಲೆ ತುಂಬ ಹೊತ್ತಿನ ಮೇಲೆ ಅತ್ತೆ-ಸೊಸೆಯರಂತಿದ್ದ ಇಬ್ಬರು ಹೆಂಗಸರು ಬಂದರು. ದೂರದಿಂದ ಬಂದವರೆಂದು ಅವರ ಚಪ್ಪಲಿಯ ಧೂಳೇ ಹೇಳುತ್ತಿತ್ತು. ಅತ್ತೆ ಬುಟ್ಟಿ ಮುಂದೆ ಹಿಡಿದಳು. ಹಾಜಿ ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ಎಷ್ಟೋ ವರ್ಷಗಳ ಹಿಂದಿನ ಅದೇ ದನಿಯಲ್ಲಿ ಹೇಳಿದರು:

"ನನಗೆ ಬೋಣಿ ಆಯ್ತು ತಾಯಿ. ಪಕ್ಕದ ಬುರ್ಹಾನ್‌ಗೆ ಇನ್ನೂ ಆಗಿಲ್ಲ. ಅಲ್ಲಿ ತಗೊಳ್ಳಿ."

ಹೆಂಗಸರು ಪಕ್ಕಕ್ಕೆ ನೋಡಿದರು. ಅಲ್ಲಿ ಕಂದು ಷಟರ್, ಅದರ ಬುಡದಲ್ಲಿ ಮಲಗಿದ್ದ ಒಂದು ಬೆಕ್ಕು. ಸೊಸೆ ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತೆಗೆ ನಗು ಬರಲಿಲ್ಲ. ಇಷ್ಟು ದೂರ ಬಂದವರನ್ನು ಗೇಲಿ ಮಾಡುತ್ತಾರೆ ಎಂದು ಗೊಣಗುತ್ತ ಹೊರಟೇಬಿಟ್ಟಳು. ನಾನು ಹಿಂದೆಯೇ ಓಡಿ ಕೈಮುಗಿದರೂ ನಿಲ್ಲಲಿಲ್ಲ.

ಪಕ್ಕದ ಹಲ್ವದಂಗಡಿಯ ಬುರ್ಹಾನ್ ಟರ್ಕಿಯ ಮರ್ಸಿನ್‌ಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಸಮುದ್ರದ ದಂಡೆಯ ಆ ಊರಲ್ಲಿ ಯಾರದೋ ಬೇಕರಿಯಲ್ಲಿ ಕೆಲಸಕ್ಕಿದ್ದ. ಇದು ಹಾಜಿಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ಅವರ ನಾಲಿಗೆಗೆ ಗೊತ್ತಿರಲಿಲ್ಲ.

ಅವರಿಬ್ಬರ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಪೇಟೆಯ ಹಳೆಯ ನಡವಳಿಕೆ ಇದು: ನಿನಗೆ ಬೋಣಿಯಾದ ಮೇಲೆ ಬರುವ ಗಿರಾಕಿ ನಿನ್ನವನಲ್ಲ, ಬೋಣಿಯಾಗದೆ ಕೂತ ಪಕ್ಕದವನ ಪಾಲಿನವನು. ಎಲ್ಲರೂ ಹಾಗೆ ಮಾಡುತ್ತಿದ್ದರು. ಆದರೆ ನಸೂಹ್ ಮತ್ತು ಬುರ್ಹಾನ್ ಮಾಡುತ್ತಿದ್ದುದನ್ನು ನೋಡಲು ಕಣ್ಣು ಸಾಲದು. ಏಕೆಂದರೆ ಅವರಿಬ್ಬರಿಗೆ ಮಾತಿರಲಿಲ್ಲ. ಎಂದೋ ಒಂದು ಹಲ್ವದ ಗುರುವಾರ ಹಾಜಿ ಗಿರಾಕಿಗಳೆದುರಿಗೇ ಬುರ್ಹಾನನ ಗುಲಾಬಿ ಹಲ್ವವನ್ನು ನೋಡಿ, ಇದು ತಿನ್ನೋ ಹಲ್ವವೋ ತುಟಿಗೆ ಹಚ್ಚೋ ಬಣ್ಣವೋ ಎಂದಿದ್ದರು. ಬುರ್ಹಾನ್ ಸುಮ್ಮನಿರುವ ಪೈಕಿಯೇ? ನಿನ್ನ ಹಲ್ವಕ್ಕೆ ರಕ್ತವೇ ಇಲ್ಲ, ಡಾಕ್ಟರಿಗೆ ತೋರಿಸು ಎಂದ. ಅಷ್ಟೇ. ಆಮೇಲೆ ಸಲಾಮಿಲ್ಲ, ಹಬ್ಬದ ಹಾರೈಕೆಯಿಲ್ಲ, ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋದರೂ ಮೂಲೆಯಲ್ಲಿ ಕೂತು ಎದ್ದು ಬರುವುದು. ಆದರೆ ದಿನಾ ಬೆಳಿಗ್ಗೆ ಇವರ ಎರಡನೇ ಗಿರಾಕಿ ಅವನ ಅಂಗಡಿಗೆ, ಅವನ ಎರಡನೇ ಗಿರಾಕಿ ಇವರ ಅಂಗಡಿಗೆ. ಒಂದು ದಿನವೂ ತಪ್ಪಲಿಲ್ಲ. ಗಿರಾಕಿಯೇ ಅವರ ನಡುವಿನ ಸಲಾಮು.

ಆ ಸೋಮವಾರ ನಾನು ಹಾಜಿಯ ಮುಂದೆ ನಿಂತು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಹೇಳಿದೆ. ಅವರು ನಾಚಿಕೊಂಡು, ಬಾಯಿ ತಪ್ಪಿತು, ನಾಳೆ ನೋಡು ಎಂದರು. ಮಂಗಳವಾರ ಎರಡನೇ ಗಿರಾಕಿ ಬಂದಾಗ ಹಾಜಿ ತುಟಿ ಬಿಗಿಹಿಡಿದದ್ದನ್ನು ನಾನೇ ನೋಡಿದೆ. ತಕ್ಕಡಿ ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು. ಆಮೇಲೆ ಸೋತವರಂತೆ ಷಟರ್ ಕಡೆ ಕೈ ತೋರಿಸಿಯೇಬಿಟ್ಟರು. ಆ ಗಿರಾಕಿಯೂ ಹೋದ. ಹಾಜಿ ಸ್ಟೂಲಿನ ಮೇಲೆ ಕುಸಿದು ಕೂತು, ಮೆಲ್ಲಗೆ ಹೇಳಿದರು:

"ಪಕ್ಕದೋನಿಗೆ ಬೋಣಿ ಆಗದೆ ನನ್ನ ಕೈ ತೂಗಲ್ಲ ಕಣೋ ಅಬೂ ಗಸ್ಸಾನ್. ಲುವೈಗೆ ಫೋನ್ ಮಾಡಿಬಿಡು. ಗುರುವಾರದವರೆಗೂ ಯಾಕೆ?"

ನಾನು ಫೋನ್ ಮಾಡಲಿಲ್ಲ. ಮನೆಗೆ ಹೋಗಿ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ನನ್ನ ಹೆಂಡತಿಯ ಮುಂದೆ ಸುರಿದೆ. ಉಮ್ ಗಸ್ಸಾನ್‌ಗೆ ನನ್ನ ಕಷ್ಟಗಳೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವಳು ಪುಟ್ಟ ಕುಂಬಳಕಾಯಿಗಳಿಗೆ ಅಕ್ಕಿ ತುಂಬುತ್ತ ತುಂಬುತ್ತಲೇ ಕೇಳಿ, ತಲೆಯೆತ್ತದೆ ಅಂದಳು:

"ಹಾಜಿಗೆ ಪಕ್ಕದಂಗಡಿ ತೆರೆದಿರ್ಬೇಕು, ಅಷ್ಟೇ ತಾನೆ? ಬುರ್ಹಾನನ ಬೀಗದ ಕೈ ನಿಮ್ಮ ಗಲ್ಲಾದಲ್ಲೇ ಬಿದ್ದಿದೆಯಲ್ಲ. ನಾಳೆ ಬುಧವಾರ ಬೇರೆ. ಏನು ಮಾಡಿದ್ರೂ ಊರು ಕ್ಷಮಿಸುತ್ತೆ."

ನಿಜ. ಊರು ಬಿಡುವಾಗ ಬುರ್ಹಾನ್ ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟು, ಒಳಗೆ ಏನೂ ಇಲ್ಲ, ಆದರೂ ಇರಲಿ ಎಂದಿದ್ದ.

ಬುಧವಾರ ಬೆಳಿಗ್ಗೆ ಅವಳೂ ನಾನೂ ಸೇರಿ ಆ ಷಟರ್ ಎತ್ತಿದೆವು. ಬಣ್ಣದವರು ಅಂಚನ್ನೂ ಸೇರಿಸಿ ಬಳಿದಿದ್ದರಿಂದ ಚಾಕುವಿನಿಂದ ಕೆರೆದು ಬಿಡಿಸಬೇಕಾಯಿತು. ಒಳಗೆ ಇಲಿಯ ವಾಸನೆ, ಅದರ ಕೆಳಗೆ ಇನ್ನೂ ಸತ್ತಿರದ ಸಕ್ಕರೆಯ ವಾಸನೆ. ಅಮೃತಶಿಲೆಯ ಹಾಸಿನ ಒಂದು ಮೂಲೆ ಒಡೆದಿತ್ತು. ಒಲೆಯ ಪಕ್ಕದ ಗೋಡೆಯ ಮೇಲೆ ಬುರ್ಹಾನ್ ಬೆರಳು ಒರೆಸಿಕೊಳ್ಳುತ್ತಿದ್ದ ಜಾಗ ಹಾಗೆಯೇ ಇತ್ತು. ಗುಲಾಬಿ ಬಣ್ಣದ ಬೆರಳುಗಳು, ಒಂದರ ಮೇಲೊಂದು, ಎಷ್ಟೋ ವಸಂತಗಳವು. ಉಮ್ ಗಸ್ಸಾನ್ ಇಡೀ ಅಂಗಡಿ ತೊಳೆದಳು, ಆ ಗೋಡೆಯನ್ನು ಮಾತ್ರ ಮುಟ್ಟಲಿಲ್ಲ.

ನಾನು ಹಾಜಿಯ ಹತ್ತಿರ ಹೋಗಿ, ಒಂದು ತಟ್ಟೆ ಬಿಳಿ, ಒಂದು ತಟ್ಟೆ ಗುಲಾಬಿ ಕೊಡಿ, ದುಡ್ಡಿಗೇ ಕೊಡಿ ಎಂದೆ. ಅವರು ತೆರೆದ ಷಟರ್ ನೋಡಿದರು, ನನ್ನನ್ನು ನೋಡಿದರು, ಏನೂ ಕೇಳದೆ ತೂಗಿಕೊಟ್ಟರು. ನೋಟನ್ನು ಹಣೆಗೊತ್ತಿಕೊಂಡರು. ಹೀಗೆ ಆ ದಿನದ ಅವರ ಬೋಣಿ ನಾನೇ ಆದೆ.

ಆಮೇಲೆ ಬಂದ ಗಿರಾಕಿ ಕನ್ನಡಕದ ಮೇಷ್ಟ್ರೊಬ್ಬರು. ಹಾಜಿಯ ದನಿ ಕೇಳಿಸಿತು: ನನಗೆ ಬೋಣಿ ಆಯ್ತು ಸ್ವಾಮಿ, ಬುರ್ಹಾನ್ ಅಂಗಡೀಲಿ ತಗೊಳ್ಳಿ. ಮೇಷ್ಟ್ರು ಪಕ್ಕಕ್ಕೆ ತಿರುಗಿದರು. ಅಲ್ಲಿ ಹಲ್ವವೂ ಇತ್ತು, ತೂಗಲು ನಾನೂ ಇದ್ದೆ. ಅವರು ಕೊಟ್ಟ ನೋಟಿಗೆ ಮುತ್ತಿಟ್ಟು, ಅದನ್ನು ಬುರ್ಹಾನನ ಹಳೆಯ ಎಳ್ಳಿನ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟೆ. ಹಾಜಿ ಬಾಗಿಲಿಗೆ ಬಂದು ಇಣುಕಿ, ಆಯ್ತಾ ಎಂದು ಕಣ್ಣಲ್ಲೇ ಕೇಳಿದರು. ಆಯ್ತು ಎಂದೆ. ಅವರ ಭುಜ ಇಷ್ಟು ಕೆಳಗಿಳಿಯಿತು, ಎಷ್ಟೋ ದಿನದಿಂದ ಹೊತ್ತ ಮೂಟೆ ಇಳಿಸಿದವರ ಹಾಗೆ.

ಇಲ್ಲಿಗೆ ಮುಗಿದಿದ್ದರೆ ಇದು ಬುಧವಾರದ ಕಥೆಯಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ದಪ್ಪ ಮೈಯ, ದೊಡ್ಡ ಬಾಯಿಯ ಒಬ್ಬ ಹೆಂಗಸು ನೇರ ನನ್ನ ಮುಂದೆಯೇ ಬಂದು ನಿಂತು ಹಲ್ವ ಕೇಳಿದಳು. ನಾನೂ ಈ ಪೇಟೆಯಲ್ಲೇ ತಲೆ ನೆರೆಸಿಕೊಂಡವನಲ್ಲವೇ? ಯೋಚಿಸುವ ಮೊದಲೇ ನನ್ನ ಬಾಯಿ ಹೇಳಿತು: ನಮಗೆ ಬೋಣಿ ಆಯ್ತು ತಾಯಿ, ಹಾಜಿ ಹತ್ರ ತಗೊಳ್ಳಿ. ಅವಳು ಹಾಜಿಯ ಹತ್ತಿರ ಹೋದಳು. ಹಾಜಿ ಗಲ್ಲ ಕೆರೆದುಕೊಂಡರು. ಪಕ್ಕದಂಗಡಿಯವನೇ ಕೊಂಡದ್ದು ಬೋಣಿಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಅನುಮಾನ ಅವರಿಗೆ ಆಗಲೇ ಹುಟ್ಟಬೇಕೇ? ಬರುತ್ತದೆ ಎಂದು ತೀರ್ಮಾನಿಸಿ ಅವಳನ್ನು ನನ್ನ ಹತ್ತಿರ ಕಳಿಸಿದರು. ನಾನು, ಹಾಜಿ, ಅದು ಲೆಕ್ಕಕ್ಕೆ ಬರಲ್ಲ, ಅದು ನಿಮ್ಮದೇ ಹಲ್ವ ಎಂದು ಕೂಗಿ ಅವಳನ್ನು ವಾಪಸ್ ಕಳಿಸಿದೆ. ಅವರು ಬರುತ್ತದೆ ಎಂದರು. ನಾನು ಬರಲ್ಲ ಎಂದೆ. ಹೆಂಗಸು ಎರಡೂ ಅಂಗಡಿಗಳ ಮಧ್ಯೆ ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಅಲ್ರಯ್ಯಾ, ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಹಲ್ವ ಮಾರೋ ಉದ್ದೇಶ ಇದೆಯಾ? ಇಲ್ಲ, ನಾನು ಹೀಗೇ ಓಡಾಡಿ ಮೈ ಇಳಿಸ್ಕೊಳ್ಳಲಾ?"

ಆಮೇಲೆ ಅವಳೇ ತಡೆದು, "ಓ, ಇವತ್ತು ಬುಧವಾರ ಅಲ್ವಾ" ಎಂದು ನಗಲು ಶುರು ಮಾಡಿದಳು. ನಕ್ಕು ನಕ್ಕು ಗೋಡೆಗೆ ಒರಗಿದಳು. ಅರ್ಧ ಅಲ್ಲಿ, ಅರ್ಧ ಇಲ್ಲಿ ಕೊಂಡಳು. ನನ್ನ ಗುಂಡಿ ಅಂಗಡಿಗಿನ್ನೂ ಬೋಣಿಯಾಗಿಲ್ಲ ಎಂದು ಉಮ್ ಗಸ್ಸಾನ್ ನೆನಪಿಸಿದ್ದರಿಂದ ಒಂದು ಹಾಳೆ ಗುಂಡಿಯನ್ನೂ ಕೊಂಡು, ಕಣ್ಣೊರೆಸಿಕೊಳ್ಳುತ್ತ ಹೋದಳು.

ಅವಳು ಹತ್ತಿದ ಮೈಕ್ರೊ ಬಸ್ಸು ಡ್ರೈವರ್ ಮಿತ್ರಿಯದು. ಮಿತ್ರಿಗೆ ಒಂದು ಜೋಕು ಕೊಡುವುದೂ ಒಂದೇ, ಊರಿನ ಮೈಕಿನಲ್ಲಿ ಸಾರುವುದೂ ಒಂದೇ. ಹಳೆಪೇಟೆಯಲ್ಲಿ ಇಬ್ಬರು ಮುದುಕರು ಹಲ್ವದ ಗೋಪುರ ಕಟ್ಟಿಟ್ಟುಕೊಂಡು, ಬಂದ ಗಿರಾಕಿಯನ್ನು ಚೆಂಡಿನ ಹಾಗೆ ಒಬ್ಬರ ಕಡೆಗೊಬ್ಬರು ಒದೆಯುತ್ತಿದ್ದಾರೆ ಎಂದು ಆ ದಿನವಿಡೀ ಹತ್ತಿದವರಿಗೂ ಇಳಿದವರಿಗೂ ಹೇಳಿದನಂತೆ. ಪ್ರತಿ ಸುತ್ತಿಗೂ ಆ ಹೆಂಗಸು ಇನ್ನಷ್ಟು ದಪ್ಪಗಾಗುತ್ತಿದ್ದಳಂತೆ.

ಗುರುವಾರ ಬೆಳಿಗ್ಗೆ ಗೋರಿಗಳಿಗೆ ಹೋಗಿ ಬಂದು ಷಟರ್ ಎತ್ತುತ್ತಿದ್ದೆ, ಬೀದಿಯ ಬಾಯಲ್ಲಿ ಹಾರನ್ ಕೇಳಿಸಿತು. ಎಷ್ಟು ವರ್ಷವಾಗಿತ್ತೋ ಅಲ್ಲಿ ಹಾರನ್ ಕೇಳಿ. ಮಿತ್ರಿ ತನ್ನ ದಾರಿ ಬಿಟ್ಟು ಬಂದು ಬಸ್ಸು ನಿಲ್ಲಿಸಿ, ಬೋಣಿ ಹುಚ್ಚರ ಬೀದಿ, ಇಳಿಯೋರು ಇಳೀರಿ ಎಂದು ಕೂಗುತ್ತಿದ್ದ. ಬಸ್ಸಿನ ತುಂಬ ಇದ್ದವರೆಲ್ಲ ಇಳಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಸ್ಸು ಬಂತು, ಆಮೇಲೆ ನಡೆದುಕೊಂಡೇ ಬಂದವರು.

ಎಲ್ಲರಿಗೂ ಒಂದೇ ಆಸೆ: ತಮ್ಮನ್ನೂ ಕಳಿಸಬೇಕು. ಬೋಣಿ ಎಂದೋ ಆಗಿದೆ, ತಗೊಂಡು ಹೋಗಿ ಎಂದರೆ ಹೆಂಗಸರು ಕೇಳುವುದಿಲ್ಲ. ನಮ್ಮನ್ನ ಯಾಕೆ ಕಳಿಸಲ್ಲ, ನಾವೇನು ಪಾಪ ಮಾಡಿದೀವಿ ಎಂದು ಜಗಳಕ್ಕೇ ನಿಂತರು. ಹಾಜಿ ಇತ್ತ ಕಳಿಸಿ, ನಾನು ಅತ್ತ ಕಳಿಸಿ, ಅತ್ತಿತ್ತ ಓಡುವವರ ನಗೆ ಆ ಹೊಸ ತಗಡಿಗೆ ಬಡಿದು ಹಳೆಯ ತಗಡಿನ ಹಾಗೆಯೇ ಸದ್ದು ಮಾಡಿತು. ಉಮ್ ಗಸ್ಸಾನ್ ಗುಂಡಿ ಅಂಗಡಿಯಲ್ಲಿ ಕೂತು, ಬಂದವರಿಗೆಲ್ಲ, ಅವರಿಬ್ಬರಿಗೂ ಆಯ್ತು, ನನಗಿನ್ನೂ ಆಗಿಲ್ಲ ಎಂದು ಸಂಜೆಯವರೆಗೂ ಸುಳ್ಳು ಹೇಳಿದಳು.

ಅವರಲ್ಲಿ ಒಬ್ಬ ಮುದುಕ ನಗುತ್ತಿರಲಿಲ್ಲ. ಹಾಜಿ ಅವನಿಗೂ ಆ ಮಾತು ಹೇಳಿದರು. ಅವನು ಅಲ್ಲಾಡದೆ ನಿಂತು, "ಇನ್ನೊಂದ್ಸಲ ಹೇಳಪ್ಪಾ" ಎಂದ. ಹಾಜಿ ಮತ್ತೆ ಹೇಳಿದರು. "ನಮ್ಮಪ್ಪಂದು ಇದೇ ಬೀದೀಲಿ ರೇಷ್ಮೆ ಅಂಗಡಿ ಇತ್ತು" ಎಂದಷ್ಟೇ ಹೇಳಿ, ಅವನು ನನ್ನ ಕಡೆ ಬಂದು, ಹಲ್ವ ಕಟ್ಟಿಸಿಕೊಂಡು, ಮುಚ್ಚಿದ ಷಟರ್‌ಗಳನ್ನು ಒಂದೊಂದಾಗಿ ನೋಡುತ್ತ ಹೋದ.

ಸಂಜೆ ಲುವೈ ಪಿಕಪ್ ತಂದಾಗ ಎರಡೂ ಅಂಗಡಿಗಳ ತಟ್ಟೆಯಲ್ಲಿ ಗುಲಾಬಿ ಪುಡಿ ಮಾತ್ರ ಉಳಿದಿತ್ತು. ಅವನು ಅದನ್ನೆಲ್ಲ ನೋಡಿದ. ಆದರೂ, ಒಂದು ಗುರುವಾರ ಅಂದರೆ ಒಂದು ವರ್ಷ ಅಲ್ಲ ಮಾವ, ಮುಂದಿನ ವಾರ ಇದೇ ಬೀದಿಯಲ್ಲಿ ಬೆಕ್ಕು ಮಲಗಿರುತ್ತೆ ಎಂದ. ಅವನ ಮಾತು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು.

ಹಾಜಿ ಕೊಪ್ಪರಿಗೆ ಉಜ್ಜುತ್ತಿದ್ದರು.

"ಅಲ್ಲಿ ನೀನು ನೋಡಿರೋ ಅಂಗಡಿ ಪಕ್ಕ ಯಾರಿದಾರೆ?"

"ಒಂದು ಕಡೆ ಮೊಬೈಲ್ ಅಂಗಡಿ. ಇನ್ನೊಂದು ಕಡೆ ಔಷಧಿ ಅಂಗಡಿ."

"ಔಷಧಿ ಅಂಗಡಿಗೆ ಬೋಣಿ ಆಗ್ಲಿ ಅಂತ ನಾನು ಯಾರನ್ನ ಕಳಿಸ್ಲಪ್ಪಾ?" ಎಂದರು ಹಾಜಿ. "ಬೆಕ್ಕು ಮಲಗಿದ್ರೆ ಮಲಗ್ಲಿ ಬಿಡು. ಅದೂ ಈ ಬೀದೀದೇ."

ಲುವೈ ನಗು ತಡೆಯಲು ನೋಡಿದ, ಆಗಲಿಲ್ಲ. ಖಾಲಿ ಪಿಕಪ್ಪನ್ನು ಹಿಂದೆ ಸರಿಸಿಕೊಂಡು ಹೋದ.

ಆಗ ಹಾಜಿ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದು, ಮರ್ಸಿನ್‌ಗೆ ಫೋನ್ ಹಚ್ಚು ಎಂದರು. ಸ್ಪೀಕರ್ ಹಾಕಿ ಹಚ್ಚಿದೆ. ಆ ಕಡೆ ಹಲೋ ಎಂದ ಕೂಡಲೇ ಫೋನು ನನ್ನ ಕೈಯಿಂದ ಹೋಯಿತು. ಆ ಇಬ್ಬರೂ ಮಾತು ಬಿಟ್ಟಾಗ ನನ್ನ ಮೀಸೆ ಕಪ್ಪಗಿತ್ತು.

"ಬುರ್ಹಾನ್, ನಾನು ನಸೂಹ್. ನಿನ್ನಂಗಡಿಗೆ ಬೋಣಿ ಆಯ್ತು. ನಿನ್ನೆನೂ ಆಯ್ತು, ಇವತ್ತೂ ಆಯ್ತು. ದುಡ್ಡು ನಿನ್ನ ಎಳ್ಳಿನ ಡಬ್ಬೀಲಿದೆ."

ಆ ಕಡೆ ಯಾರೋ ಟರ್ಕಿ ಭಾಷೆಯಲ್ಲಿ ರೊಟ್ಟಿ ಎಣಿಸುತ್ತಿದ್ದರು. ಆಮೇಲೆ ಬುರ್ಹಾನನ ದನಿ ಬಂತು.

"ಎರಡನೇ ಗಿರಾಕಿನ ನಿನ್ನ ಹತ್ರ ಕಳಿಸಿದ್ರಾ?"

"ಕಳಿಸಿದ್ರು."

"ಹಂಗಾದ್ರೆ ಸರಿ." ಆಮೇಲೆ ಏನೋ ಹೊಳೆದವನಂತೆ ಕೇಳಿದ, "ಅಲ್ಲಾ, ಒಳಗೆ ಏನೂ ಇರ್ಲಿಲ್ವಲ್ಲ. ಏನನ್ನ ಮಾರಿದ್ರಿ?"

"ನನ್ನ ಹಲ್ವ."

"ನಿನ್ನ ಹಲ್ವನಾ? ನನ್ನಂಗಡೀಲಿ?" ಆ ದನಿ ಎಷ್ಟು ಜೋರಾಗಿತ್ತೆಂದರೆ ಉಮ್ ಗಸ್ಸಾನ್ ಪಕ್ಕದಿಂದ ಎದ್ದು ಬಂದಳು. "ಆ ರಕ್ತ ಇಲ್ಲದ ಗುಲಾಬೀನ ನನ್ನ ಹಾಸಿನ ಮೇಲೆ ಇಟ್ರಾ? ತಿಂದೋರು ಬುರ್ಹಾನ್ ಕೈ ಕೆಟ್ಟೋಯ್ತು ಅಂದ್ಕೊಳ್ಳಲ್ವಾ? ಮುಟ್ಬೇಡಿ. ಇನ್ಮೇಲೆ ಒಂದು ಚೂರೂ ಇಡ್ಬೇಡಿ. ನಾನು ಬರೋವರೆಗೂ ಇಡ್ಬೇಡಿ."

ಹಾಜಿ ಫೋನನ್ನು ನನಗೆ ವಾಪಸ್ ಕೊಟ್ಟರು. ಆಚೆ ಅವನು ಇನ್ನೂ ಬೈಯುತ್ತಲೇ ಇದ್ದ.

"ಬರ್ತಾನಂತೆ" ಎಂದು ಹೇಳಿ ಹಾಜಿ ಕೊಪ್ಪರಿಗೆಯನ್ನು ಗೋಡೆಯ ಮೊಳೆಗೆ ಮಗುಚಿ ತೂಗುಹಾಕಿದರು.